ಪ್ಲೇಟ್‌ಲೆಟ್ ಎಷ್ಟು ಅಂತ ಕೇಳ್ತೀವಿ, ಮಗು ಹೇಗಿದೆ ಅಂತ ಕೇಳಲ್ಲ

ಡೆಂಗಿ ಕಾಟ ಶುರುವಾದ ಮೇಲೆ ಪ್ಲೇಟ್‌ಲೆಟ್ ಅನ್ನೋ ಮಾತು ನಮ್ಮ ಹಳ್ಳಿಗಳಲ್ಲಿ ಎಲ್ಲರ ಬಾಯಿಗೂ ಬಂದಿದೆ. ಡೇರಿ ಮುಂದೆ ಕ್ಯಾನು ಹಿಡಿದು ನಿಂತವರೂ "ಐವತ್ತು ಸಾವಿರಕ್ಕೆ ಇಳಿದಿತ್ತಂತೆ, ಪರಂಗಿ ಎಲೆ ರಸ ಕುಡಿಸಿದ್ರಂತೆ, ಮೇಲೆ ಬಂತಂತೆ" ಅಂತ ಲೆಕ್ಕ ಒಪ್ಪಿಸುತ್ತಾರೆ. ಡೆಂಗಿಯಲ್ಲಿ ಇಳಿದ ಪ್ಲೇಟ್‌ಲೆಟ್ ಹೆಚ್ಚಿನವರಲ್ಲಿ ಜ್ವರ ಬಿಟ್ಟ ಕೆಲವು ದಿನಕ್ಕೆ ತಾನಾಗಿಯೇ ಏರುತ್ತದೆ. ಹೆಸರು ಮಾತ್ರ ಪರಂಗಿ ಎಲೆಗೆ.

ಆದರೆ ನಾನು ಹೇಳಹೊರಟಿರುವುದು ಡೆಂಗಿ ವಿಷಯ ಅಲ್ಲ. ಪ್ಲೇಟ್‌ಲೆಟ್ ಇಳಿಯುವ ಇನ್ನೊಂದು ಕಾಯಿಲೆ ಇದೆ, ಹೆಸರು ಐಟಿಪಿ. ಹೆಚ್ಚಾಗಿ ಎರಡರಿಂದ ಆರು ವರ್ಷದ ಮಕ್ಕಳಲ್ಲಿ ಕಾಣಿಸುತ್ತದೆ. ನೆಗಡಿಯೋ ಜ್ವರವೋ ಬಂದು ವಾಸಿಯಾಗಿ ಒಂದೆರಡು ವಾರ ಆಗಿರುತ್ತದೆ. ಸ್ನಾನ ಮಾಡಿಸುವಾಗ ಅಮ್ಮನ ಕಣ್ಣಿಗೆ ಬೀಳುತ್ತದೆ: ಮೊಣಕಾಲಿನ ಕೆಳಗೆ ನೀಲಿಗಟ್ಟಿದ ಗುರುತು, ಅಲ್ಲಲ್ಲಿ ಸಾಸಿವೆ ಕಾಳಿಗಿಂತ ಸಣ್ಣ ಕೆಂಪು ಚುಕ್ಕೆ. ಬೆರಳಿಟ್ಟು ಒತ್ತಿದರೂ ಆ ಚುಕ್ಕೆ ಮಾಸುವುದಿಲ್ಲ. ಮೂಗಿನಲ್ಲೋ ವಸಡಿನಲ್ಲೋ ರಕ್ತ ಬರಬಹುದು. ಜ್ವರ ಇಲ್ಲ, ನೋವಿಲ್ಲ, ಮಗು ಆಡಿಕೊಂಡೇ ಇದೆ. ರಕ್ತ ಪರೀಕ್ಷೆ ಮಾಡಿಸಿದರೆ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರಬೇಕಾದ ಪ್ಲೇಟ್‌ಲೆಟ್ 20 ಸಾವಿರಕ್ಕಿಂತ ಕೆಳಗೆ, ಎಷ್ಟೋ ಸಲ 10 ಸಾವಿರಕ್ಕಿಂತಲೂ ಕೆಳಗೆ ಇರುತ್ತದೆ.

ಅಲ್ಲಿಂದ ಆ ಮನೆಯ ಬದುಕು ಒಂದು ಸಂಖ್ಯೆಯ ಹಿಂದೆ ಬೀಳುತ್ತದೆ. ನನ್ನ ತಕರಾರು ಆ ಸಂಖ್ಯೆಯ ಬಗ್ಗೆ.

ಮೊದಲು ಭಯ ಕಡಿಮೆ ಮಾಡುವ ಮಾತು. ಐಟಿಪಿ ಬಂದ ಮಕ್ಕಳಲ್ಲಿ ಐದರಲ್ಲಿ ನಾಲ್ಕು ಮಕ್ಕಳಿಗೆ ಹೆಚ್ಚೂಕಡಿಮೆ ಒಂದು ವರ್ಷದೊಳಗೆ ವಾಸಿಯಾಗುತ್ತದೆ, ಎಷ್ಟೋ ಮಕ್ಕಳಿಗೆ ಮೂರು ತಿಂಗಳಲ್ಲೇ. ಔಷಧಿ ಕೊಟ್ಟರೂ ವಾಸಿ, ಕೊಡದಿದ್ದರೂ ವಾಸಿ. ಎಲ್ಲರೂ ಹೆದರುವ ತಲೆಯೊಳಗಿನ ರಕ್ತಸ್ರಾವ ಆಗುವುದು ನೂರರಲ್ಲಿ ಒಂದಕ್ಕಿಂತ ಕಡಿಮೆ ಮಕ್ಕಳಲ್ಲಿ. ಇದು ಅಂಟುರೋಗವಲ್ಲ. ಸಾಮಾನ್ಯವಾಗಿ ಅಪ್ಪ ಅಮ್ಮನಿಂದ ಬರುವುದೂ ಅಲ್ಲ. ರಕ್ತದ ಕ್ಯಾನ್ಸರ್ ಅಂತೂ ಅಲ್ಲ. ಅದು ಅಲ್ಲ ಅಂತ ಖಚಿತ ಮಾಡಿಕೊಳ್ಳಲು ಡಾಕ್ಟರು ರಕ್ತವನ್ನು ಗಾಜಿನ ಮೇಲೆ ಸವರಿ ನೋಡುತ್ತಾರೆ, ಅಷ್ಟೆ. ಆದರೆ ರಕ್ತದ ತಜ್ಞರು ಇರುವ ಆಸ್ಪತ್ರೆಗೆ ಹೋಗಿ ಅಂತ ಚೀಟಿ ಬರೆದುಕೊಟ್ಟರೆ ಸಾಕು, ಚೀಟಿ ಹಿಡಿದವರು ಮನೆ ಸೇರುವಷ್ಟರಲ್ಲಿ ಊರಲ್ಲಿ ಕ್ಯಾನ್ಸರ್ ಅಂತ ಸುದ್ದಿ ಆಗಿರುತ್ತದೆ.

ಹಾಗಾದರೆ ಇದು ಏನು? ನಮ್ಮ ಮೈಯಲ್ಲಿ ರೋಗಾಣುಗಳ ಜೊತೆ ಹೊಡೆದಾಡುವ ಕಾವಲು ಪಡೆ ಇದೆಯಲ್ಲ, ಅದಕ್ಕೆ ಗುರುತು ತಪ್ಪಿ ತನ್ನದೇ ಪ್ಲೇಟ್‌ಲೆಟ್‌ಗಳ ಮೇಲೆ ಬೀಳುತ್ತದೆ. ಪೆಟ್ಟು ತಿಂದ ಪ್ಲೇಟ್‌ಲೆಟ್‌ಗಳನ್ನು ಗುಲ್ಮ ನುಂಗಿ ಹಾಕುತ್ತದೆ. ಇದನ್ನು ಕಂಡುಕೊಂಡ ಕಥೆ ರೋಚಕವಾಗಿದೆ. ಅಮೆರಿಕದ ಸೇಂಟ್ ಲೂಯಿಸ್ ಊರಿನಲ್ಲಿ ವಿಲಿಯಂ ಹ್ಯಾರಿಂಗ್ಟನ್ ಎಂಬ ಎಳೆಯ ಡಾಕ್ಟರು, ರೋಗಿಯ ರಕ್ತದಲ್ಲೇ ಏನೋ ಇದೆ ಅನ್ನುವ ಗುಮಾನಿಯಿಂದ ಐಟಿಪಿ ರೋಗಿಯೊಬ್ಬರ ರಕ್ತವನ್ನು ತಮ್ಮ ತೋಳಿಗೇ ಹಾಕಿಸಿಕೊಂಡರು. ಕೆಲವೇ ಗಂಟೆಗಳಲ್ಲಿ ಅವರ ಪ್ಲೇಟ್‌ಲೆಟ್ ಪಾತಾಳಕ್ಕೆ ಇಳಿಯಿತು, ಫಿಟ್ಸ್ ಬಂತು, ಮೈಯಲ್ಲಿ ಚುಕ್ಕೆಗಳೆದ್ದವು. ಕೆಲವು ದಿನ ಆಸ್ಪತ್ರೆಯಲ್ಲಿದ್ದು ಚೇತರಿಸಿಕೊಂಡರು. 1951ರಲ್ಲಿ ಈ ಪ್ರಯೋಗದ ವರದಿ ಅಚ್ಚಾಯಿತು. ಈಗ ಯಾರಾದರೂ ಹಾಗೆ ಮಾಡಿದರೆ ಕೆಲಸ ಹೋಗುತ್ತದೆ. ಮಗುವಿಗೆ ದೃಷ್ಟಿ ತಗುಲಿತು, ಗಾಳಿ ಸೋಕಿತು, ಬಸುರಿಯಲ್ಲಿ ತಾಯಿ ಏನೋ ತಿಂದಳು ಅನ್ನುವವರಿಗೆ ಈ ಕಥೆ ಹೇಳಿ.

ಈಗ ತಲಘಟ್ಟಪುರಕ್ಕೆ ಬರೋಣ. ಕನಕಪುರ, ಸಾತನೂರು, ಹಾರೋಹಳ್ಳಿ ಕಡೆಯವರು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋಗಬೇಕಾದರೆ ಕನಕಪುರ ರಸ್ತೆಯಲ್ಲಿ ಈ ಊರು ದಾಟಿಯೇ ಹೋಗಬೇಕು. 2021ರ ಜನವರಿಯಲ್ಲಿ ಹಸಿರು ಮಾರ್ಗದ ಮೆಟ್ರೊ ರೇಷ್ಮೆ ಸಂಸ್ಥೆವರೆಗೆ ಬಂದಾಗ ತಲಘಟ್ಟಪುರಕ್ಕೂ ಒಂದು ನಿಲ್ದಾಣ ಆಯಿತು. ಊರಿನ ಬಸ್ಸು ಇಳಿದು ಮೆಟ್ರೊ ಹತ್ತಿದರೆ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಇಳಿದು ವಾಣಿವಿಲಾಸ ಆಸ್ಪತ್ರೆಗೆ ನಡೆದೇ ಹೋಗಬಹುದು. ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಗಾದರೆ ನಡುವೆ ಇಳಿದು ಆಟೊನೋ ಬಸ್ಸೋ ಹಿಡಿಯಬೇಕು. ದಾರಿ ಮೊದಲಿಗಿಂತ ಸಲೀಸಾಗಿದೆ ಅನ್ನುವುದು ನಿಜ. ಆದರೂ ಅಮ್ಮನ ಒಂದು ದಿನದ ಕೂಲಿ ಹೋಯಿತು, ಅಪ್ಪನದೂ ಹೋಯಿತು, ಮಗುವಿನ ಒಂದು ದಿನದ ಶಾಲೆ ಹೋಯಿತು. ಹಸು ಕಟ್ಟಿದ ಮನೆಯಾದರೆ ಸಂಜೆ ಹಾಲು ಕರೆಯಲು ಪಕ್ಕದ ಮನೆಯವರನ್ನು ಬೇಡಿಕೊಳ್ಳಬೇಕು. ಇಷ್ಟೆಲ್ಲ ಯಾತಕ್ಕೆ? ಎಷ್ಟೋ ಸಲ, ಒಂದು ಸಂಖ್ಯೆ ತಿಳಿಯಲು.

ತಲಘಟ್ಟಪುರದಲ್ಲಿ ಈಗ ಒಂದು ಪಕ್ಕ ಎತ್ತರದ ಅಪಾರ್ಟ್‌ಮೆಂಟು, ಇನ್ನೊಂದು ಪಕ್ಕ ಹಳೇ ಊರಿನ ಮನೆಗಳು, ಕಟ್ಟಡ ಕೆಲಸಕ್ಕೆ ಬಂದವರ ಶೆಡ್ಡುಗಳು. ಅಪಾರ್ಟ್‌ಮೆಂಟಿನ ಒಂದು ಮಗುವಿಗೂ ಶೆಡ್ಡಿನ ಒಂದು ಮಗುವಿಗೂ ಒಂದೇ ದಿನ ಪ್ಲೇಟ್‌ಲೆಟ್ 12 ಸಾವಿರ ಬಂತು ಅಂದುಕೊಳ್ಳಿ. ಲ್ಯಾಬಿನ ಕಾಗದದ ಮೇಲೆ ಇಬ್ಬರದೂ ಒಂದೇ ಕಾಯಿಲೆ. ಒಂದು ಮಗುವಿಗೆ ಮೆತ್ತನೆ ನೆಲದ ಆಟದ ಜಾಗ, ಫೋನಿನಲ್ಲಿ ಸಿಗುವ ಡಾಕ್ಟರು, ರಾತ್ರಿ ಎರಡು ಗಂಟೆಗೂ ಕಾರು. ಇನ್ನೊಂದು ಮಗು ಜಲ್ಲಿ, ಕಬ್ಬಿಣದ ಸರಳಿನ ನಡುವೆ ಆಡುತ್ತದೆ, ಬಿದ್ದರೆ ನೋಡಲು ಹಗಲಲ್ಲಿ ದೊಡ್ಡವರಿಲ್ಲ. ಸಂಖ್ಯೆ ಈ ವ್ಯತ್ಯಾಸ ಹೇಳುವುದಿಲ್ಲ.

ಇದನ್ನು ಬರೀ ನಮ್ಮಂಥವರು ಹೇಳುತ್ತಿಲ್ಲ. ಅಮೆರಿಕದ ರಕ್ತರೋಗ ತಜ್ಞರ ಸಂಘ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಒಂದು ಮಾತಿದೆ. ಹೊಸದಾಗಿ ಐಟಿಪಿ ಬಂದ ಮಗುವಿಗೆ ಚರ್ಮದ ಮೇಲಿನ ಗುರುತು ಬಿಟ್ಟರೆ ಬೇರೆ ರಕ್ತಸ್ರಾವ ಇಲ್ಲದಿದ್ದರೆ, ಔಷಧಿಗಿಂತ ಸುಮ್ಮನೆ ನಿಗಾ ಇಡುವುದೇ ಮೇಲು. ಸ್ಟೆರಾಯ್ಡ್ ಕೊಟ್ಟರೂ ಏಳು ದಿನ ಮೀರಿಸಬಾರದು. ಪ್ಲೇಟ್‌ಲೆಟ್ 20 ಸಾವಿರಕ್ಕಿಂತ ಕಡಿಮೆ ಇದ್ದರೂ ಆಸ್ಪತ್ರೆಯಲ್ಲಿ ಮಲಗಿಸಬೇಕಾಗಿಲ್ಲ. ಆದರೆ, ಅಂತ ಅಲ್ಲೇ ಸೇರಿಸಿದ್ದಾರೆ: ಆಸ್ಪತ್ರೆಯಿಂದ ದೂರ ಇರುವವರು, ಮತ್ತೆ ತೋರಿಸಲು ಬರುತ್ತಾರೆಂಬ ಭರವಸೆ ಇಲ್ಲದವರು, ಅಂಥವರನ್ನು ದಾಖಲು ಮಾಡಿಕೊಳ್ಳುವುದು ಒಳ್ಳೆಯದಿರಬಹುದು. ದೂರದ ಊರಲ್ಲಿ ಹುಟ್ಟಿದ ತಪ್ಪಿಗೆ ನಮ್ಮ ಮಗು ಆಸ್ಪತ್ರೆಯಲ್ಲಿ ಮಲಗುತ್ತದೆ. ಅದೇ ಕಾಯಿಲೆಯ ಪೇಟೆ ಮಗು ಮನೆಯಲ್ಲಿ ಟಿವಿ ನೋಡುತ್ತಿರುತ್ತದೆ.

ಅದೇ ಮಾರ್ಗಸೂಚಿಯಲ್ಲಿ ನನಗೆ ಇನ್ನೂ ಮುಖ್ಯ ಅನಿಸಿದ್ದು ಬೇರೆ. ಔಷಧಿ ಯಾವಾಗ ಕೊಡಬೇಕು ಅನ್ನುವಲ್ಲಿ ರಕ್ತಸ್ರಾವದ ಪಕ್ಕದಲ್ಲೇ ಮಗುವಿನ ಬದುಕಿನ ಗುಣಮಟ್ಟ ಕುಗ್ಗಿರುವುದನ್ನೂ ಕಾರಣವಾಗಿ ಇಟ್ಟಿದ್ದಾರೆ. ಅಂದರೆ ರಕ್ತ ಬರುತ್ತಿಲ್ಲ, ಆದರೂ ಮಗು ಶಾಲೆಗೆ ಹೋಗುತ್ತಿಲ್ಲ, ಆಡುತ್ತಿಲ್ಲ, ಮಂಕಾಗಿ ಕೂತಿದೆ ಅಂದರೆ ಅದೂ ಚಿಕಿತ್ಸೆ ಬದಲಿಸಲು ಸಾಕಷ್ಟು ದೊಡ್ಡ ಕಾರಣ. ಇದು ಡಾಕ್ಟರಿಗೆ ತಿಳಿಯುವುದು ಹೇಗೆ? ಲ್ಯಾಬಿನ ಯಂತ್ರ ಹೇಳುವುದಿಲ್ಲ. ಕೇಳಬೇಕು, ನಾವು ಹೇಳಬೇಕು.

ಕೆನಡಾದ ಮಕ್ಕಳ ಡಾಕ್ಟರುಗಳು ಇದಕ್ಕೆಂದೇ ಒಂದು ಪ್ರಶ್ನೆಪಟ್ಟಿ ಮಾಡಿ 2007ರಲ್ಲಿ ಪ್ರಕಟಿಸಿದರು. ಕಿಟ್ ಅಂತ ಕರೆಯುತ್ತಾರೆ. 26 ಪ್ರಶ್ನೆ, ಸೊನ್ನೆಯಿಂದ ನೂರರವರೆಗೆ ಅಂಕ. ಸ್ವಲ್ಪ ದೊಡ್ಡ ಮಗುವಾದರೆ ಅದೇ ಉತ್ತರಿಸುತ್ತದೆ, ಚಿಕ್ಕದಾದರೆ ಅಪ್ಪ ಅಮ್ಮ. ಅಪ್ಪ ಅಮ್ಮನಿಗೇ ಬೇರೆ ಪಟ್ಟಿ ಇದೆ, ನಿಮ್ಮ ಮೇಲೆ ಇದು ಎಷ್ಟು ಭಾರ ಬಿದ್ದಿದೆ ಅಂತ. ಅದನ್ನು ಬಳಸಿದವರಿಗೆ ಎರಡು ಸಂಗತಿ ಮತ್ತೆ ಮತ್ತೆ ಕಂಡವು. ಒಂದು, ಪ್ಲೇಟ್‌ಲೆಟ್ ಸಂಖ್ಯೆಗೂ ಮಗುವಿನ ಅಂಕಕ್ಕೂ ಅಷ್ಟಾಗಿ ತಾಳೆಯಾಗುವುದಿಲ್ಲ. ಹದಿನೈದು ಸಾವಿರದ ಮಗು ಖುಷಿಯಾಗಿರಬಹುದು, ಅರವತ್ತು ಸಾವಿರದ ಮಗು ಮುದುಡಿಕೊಂಡಿರಬಹುದು. ಎರಡು, ಮಗುವಿಗಿಂತ ಹೆಚ್ಚು ನಲುಗುವುದು ಹೆತ್ತವರು.

ಎರಡನೆಯದು ನಮ್ಮ ಮನೆಗಳಲ್ಲಿ ಹೇಗಿರುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. "ಓಡಬೇಡ, ಹತ್ತಬೇಡ, ಮುಟ್ಟಬೇಡ" ಅಂತ ದಿನವಿಡೀ. ಅಣ್ಣ ತಮ್ಮ ಕೈ ಮಾಡಿದರೆ ಅವರಿಗೆ ಏಟು. ಸೊಸೆ ಕಡೆಯ ರಕ್ತವೇ ಸರಿಯಿಲ್ಲ ಅಂತ ಅತ್ತೆಯ ಗೊಣಗಾಟ. ರಾತ್ರಿ ಟಾರ್ಚ್ ಹಾಕಿ ಮಗುವಿನ ಕಾಲು ನೋಡುವ ಅಮ್ಮ. ಮೈಮೇಲಿನ ಗುರುತು ನೋಡಿ ಶಾಲೆಯಲ್ಲಿ "ಮನೇಲಿ ಹೊಡೀತಾರಾ?" ಅಂತ ಮಗುವನ್ನು ಕೇಳುವುದೂ ಉಂಟು. ಕೇಳುವುದು ತಪ್ಪಲ್ಲ, ಮಕ್ಕಳ ಮೈಮೇಲೆ ಗುರುತು ಕಂಡರೆ ಕೇಳಲೇಬೇಕು. ಆದರೆ ಕಾಯಿಲೆ ಇದೆ ಅಂತ ಮೇಷ್ಟ್ರಿಗೆ ಮೊದಲೇ ಹೇಳಿದ್ದರೆ ಅಮ್ಮ ತಲೆ ತಗ್ಗಿಸಿ ನಿಲ್ಲಬೇಕಾಗಿರಲಿಲ್ಲ. ನಾವು ಹೇಳುವುದಿಲ್ಲ. ಹೆಣ್ಣುಮಗುವಾದರಂತೂ ಬಾಯಿ ಬಿಡುವುದೇ ಇಲ್ಲ, ನಾಳೆ ಮದುವೆಗೆ ತೊಡಕು ಅಂತ.

ಹೆಣ್ಣುಮಕ್ಕಳ ಮಾತು ಬಂತಲ್ಲ, ಅದನ್ನು ಬಿಚ್ಚಿ ಹೇಳಬೇಕು. ಹತ್ತು ವರ್ಷ ದಾಟಿದ ಮೇಲೆ ಬರುವ ಐಟಿಪಿ ಬೇಗ ಬಿಡದೆ ವರ್ಷಗಟ್ಟಲೆ ಉಳಿಯುವ ಸಾಧ್ಯತೆ ಚಿಕ್ಕ ಮಕ್ಕಳಿಗಿಂತ ಹೆಚ್ಚು. ಅದೇ ವಯಸ್ಸಿನಲ್ಲಿ ಹುಡುಗಿ ಮುಟ್ಟಾಗಲು ಶುರುವಾಗುತ್ತಾಳೆ. ಏಳು ದಿನ ಮೀರಿದರೂ ನಿಲ್ಲದ ಸ್ರಾವ, ಗಂಟೆಗೊಂದು ಪ್ಯಾಡ್ ಬದಲಿಸುವ ಸ್ಥಿತಿ. ಶಾಲೆಯ ಶೌಚಾಲಯದಲ್ಲಿ ನೀರಿರುವುದಿಲ್ಲ. ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ. ಮೊದಮೊದಲು ಹೀಗೇ ಇರುತ್ತೆ ಅಂತ ಅಜ್ಜಿ, ರಕ್ತ ಕಡಿಮೆ ಆಗಿದೆ ಅಂತ ಕಬ್ಬಿಣದ ಮಾತ್ರೆ. ಎಸ್ಸೆಸ್ಸೆಲ್ಸಿಗೆ ಶೇಕಡಾ 75 ಹಾಜರಿ ಬೇಕು. ತಿಂಗಳಿಗೆ ಆರೇಳು ದಿನ ತಪ್ಪಿದರೆ ಲೆಕ್ಕ ಹಾಕಿ. ಇಂಥ ಸ್ರಾವ ತಗ್ಗಿಸಲು ಮಾತ್ರೆಗಳಿವೆ, ಡಾಕ್ಟರಿಗೆ ಹೇಳಿದರೆ ಕೊಡುತ್ತಾರೆ. ಗಂಡಸು ಡಾಕ್ಟರ ಮುಂದೆ ಅಪ್ಪನ ಪಕ್ಕ ಕೂತ ಹದಿಮೂರರ ಹುಡುಗಿ ಅದನ್ನು ಹೇಗೆ ಹೇಳಿಯಾಳು? ನರ್ಸಮ್ಮನೋ ಆಶಾ ಕಾರ್ಯಕರ್ತೆಯೋ ಪಕ್ಕಕ್ಕೆ ಕರೆದು ಕೇಳಬೇಕು. ಇದಕ್ಕೆ ಸರ್ಕಾರದ ಆದೇಶ ಬೇಕಾಗಿಲ್ಲ.

ಇನ್ನು ಔಷಧಿಯೇ ತರುವ ಕಷ್ಟ. ಸ್ಟೆರಾಯ್ಡ್ ವಾರಗಟ್ಟಲೆ ತಿಂದ ಮಗುವಿನ ಮುಖ ಪೂರಿಯಂತೆ ಊದುತ್ತದೆ, ಹಸಿವು ಹೆಚ್ಚುತ್ತದೆ, ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ಶಾಲೆಯಲ್ಲಿ "ಡುಮ್ಮ" ಅಂತ ಹೆಸರು ಬೀಳುತ್ತದೆ. ನಂಟರು ನೋಡಿ "ಮೈ ಕೈ ತುಂಬ್ಕೊಂಡು ಚೆನ್ನಾಗವ್ನೆ" ಅನ್ನುತ್ತಾರೆ. ಮೆಡಿಕಲ್ ಸ್ಟೋರಿನಲ್ಲಿ ಹಳೇ ಚೀಟಿ ತೋರಿಸಿ ಅದನ್ನೇ ಮತ್ತೆ ಮತ್ತೆ ತರಬೇಡಿ. ಬಹಳ ದಿನದಿಂದ ತಿನ್ನುತ್ತಿದ್ದರೆ ದಿಢೀರನೆ ನಿಲ್ಲಿಸಲೂ ಬೇಡಿ, ಅದೂ ಅಪಾಯ. ಎರಡಕ್ಕೂ ಡಾಕ್ಟರನ್ನೇ ಕೇಳಿ.

ವರ್ಷ ಕಳೆದರೂ ಬಿಡದ ಐಟಿಪಿಗೆ ಎಲ್ಟ್ರಾಂಬೊಪಾಗ್ ಎಂಬ ಮಾತ್ರೆ ಕೊಡುತ್ತಾರೆ. ಇದರಲ್ಲಿ ನಮ್ಮ ಸೀಮೆಯವರು ಗಮನಿಸಬೇಕಾದ ಒಂದು ಸೂಕ್ಷ್ಮ ಇದೆ. ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ ಹೆಚ್ಚಿರುವ ಆಹಾರದ ಜೊತೆ ತಿಂದರೆ ಈ ಮಾತ್ರೆ ಮೈಗೆ ಹತ್ತುವುದಿಲ್ಲ. ತಿನ್ನುವುದಕ್ಕೆ ಎರಡು ಗಂಟೆ ಮುಂಚೆ, ಇಲ್ಲವೇ ತಿಂದು ನಾಲ್ಕು ಗಂಟೆ ಆದ ಮೇಲೆ ನುಂಗಬೇಕು. ಪುಸ್ತಕದಲ್ಲಿ ಹಾಲು, ಮೊಸರು ಅಂತ ಬರೆದಿರುತ್ತದೆ, ಡಾಕ್ಟರೂ ಹಾಲು ಮೊಸರು ಅಂತಲೇ ಹೇಳುತ್ತಾರೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಬೆಳಿಗ್ಗೆ ರಾಗಿ ಅಂಬಲಿ, ಮಧ್ಯಾಹ್ನ ಮುದ್ದೆ, ರಾತ್ರಿ ಮುದ್ದೆ ಉಣ್ಣುವ ಮಗುವಿಗೆ ಆ ಮಾತ್ರೆ ಯಾವ ಹೊತ್ತಿಗೆ ಕೊಡಬೇಕು? "ನಾವು ರಾಗಿ ತಿನ್ನೋರು, ಯಾವಾಗ ಕೊಡ್ಲಿ ಸಾರ್?" ಅಂತ ನೀವೇ ಕೇಳಿ. ದುಬಾರಿ ಮಾತ್ರೆ ಮುದ್ದೆಯ ಜೊತೆ ಹೊಟ್ಟೆಗೆ ಹೋಗಿ ಕೆಲಸ ಮಾಡದೆ ಹೋದರೆ, ಔಷಧಿ ಹಿಡಿಯಲಿಲ್ಲ ಅಂತ ಇನ್ನೊಂದು ಔಷಧಿ ಬರೆಯುತ್ತಾರೆ.

ಹತ್ತಿರದ ಕ್ಲಿನಿಕ್ಕಿಗೆ ಹೋದಾಗಲೂ ಎರಡು ಮಾತು ನೆನಪಿಡಿ. ಪ್ಲೇಟ್‌ಲೆಟ್ ಕಡಿಮೆ ಇರುವಾಗ ಸೊಂಟಕ್ಕೋ ತೋಳಿನ ಮಾಂಸಖಂಡಕ್ಕೋ ಚುಚ್ಚುವ ಇಂಜೆಕ್ಷನ್ ಬೇಡ, ಒಳಗೇ ರಕ್ತ ಕಟ್ಟುತ್ತದೆ. ಇಂಜೆಕ್ಷನ್ ಕೊಡದ ಡಾಕ್ಟರು ಡಾಕ್ಟರೇ ಅಲ್ಲ ಅನ್ನುವವರು ನಮ್ಮಲ್ಲಿ ಇದ್ದಾರೆ, ಅದಕ್ಕೇ ಹೇಳಿದ್ದು. ಜ್ವರ, ನೋವಿಗೆ ಐಬುಪ್ರೊಫೆನ್, ಆಸ್ಪಿರಿನ್ ಬೇಡ, ಪ್ಯಾರಾಸಿಟಮಾಲ್ ಆಗಬಹುದು. ಮಗುವಿನ ತಲೆಗೆ ಪೆಟ್ಟು ಬಿದ್ದರೆ, ಜೋರು ತಲೆನೋವಿನ ಜೊತೆ ವಾಂತಿ ಬಂದರೆ, ಮಂಪರು ಹಿಡಿದರೆ, ಮಲ ಡಾಂಬರಿನಂತೆ ಕಪ್ಪಗಾದರೆ, ಮೂತ್ರದಲ್ಲಿ ರಕ್ತ ಕಂಡರೆ, ಮೂಗು ಒತ್ತಿ ಹಿಡಿದರೂ ಹದಿನೈದು ನಿಮಿಷಕ್ಕೆ ರಕ್ತ ನಿಲ್ಲದಿದ್ದರೆ ಯಾರನ್ನೂ ಕೇಳುತ್ತ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಆಟದ ವಿಷಯದಲ್ಲಿ ನಾನು ಹೆತ್ತವರ ಜೊತೆ ಜಗಳಕ್ಕೂ ಸಿದ್ಧ. ಪ್ಲೇಟ್‌ಲೆಟ್ ತೀರ ಕಡಿಮೆ ಇದ್ದಾಗ ಕಬಡ್ಡಿ ಬೇಡ, ಮರ ಹತ್ತುವುದು ಬೇಡ, ಲಗೋರಿಯ ಚೆಂಡೇಟು, ಚಿನ್ನಿದಾಂಡಿನ ಚಿನ್ನಿ ಕಣ್ಣಿಗೆ ತಲೆಗೆ ಬೀಳುವ ಭಯ ಇದೆ, ಒಪ್ಪುತ್ತೇನೆ. ಆದರೆ ಕುಂಟೆಬಿಲ್ಲೆ? ಗೋಲಿ? ಅಳಿಗುಳಿಮಣೆ? ಬೆಳಗಿನ ಪ್ರಾರ್ಥನೆಯಲ್ಲಿ ಎಲ್ಲರ ಜೊತೆ ನಿಲ್ಲುವುದು, ಊರ ಜಾತ್ರೆಗೆ ಹೋಗುವುದು? ಅದನ್ನೆಲ್ಲ ಬಿಡಿಸಿದ್ದು ಕಾಯಿಲೆಯಲ್ಲ, ನಾವು. ದೈಹಿಕ ಶಿಕ್ಷಕರು ಆ ಮಗುವನ್ನು ಮರದ ಕೆಳಗೆ ಕೂರಿಸುವ ಬದಲು ಸೀಟಿ ಕೊಟ್ಟು ಅಂಕ ಬರೆಯಲು ನಿಲ್ಲಿಸಬಹುದು. ಈ ಮಕ್ಕಳಲ್ಲಿ ಕೆಲವರಿಗೆ ವಿಪರೀತ ಸುಸ್ತಿರುತ್ತದೆ, ಅದು ಕಾಯಿಲೆಯದೇ ಒಂದು ಭಾಗ. ಬೆಂಚಿನ ಮೇಲೆ ತಲೆ ಇಟ್ಟ ಮಗುವನ್ನು ಸೋಮಾರಿ ಅನ್ನುವ ಮೊದಲು ಇದು ಗೊತ್ತಿರಲಿ.

ಸರ್ಕಾರದ ಪಾಲು ಏನು? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ರಕ್ತದ ಮೂರು ಕಾಯಿಲೆಗಳಿವೆ: ಹಿಮೋಫಿಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್. ಹಿಮೋಫಿಲಿಯಾದವರು ವರ್ಷಗಟ್ಟಲೆ ಸಂಘ ಕಟ್ಟಿ ಹೋರಾಡಿದರು. ನಮ್ಮ ದಾವಣಗೆರೆಯಲ್ಲಿ ಡಾ. ಸುರೇಶ್ ಹನಗವಾಡಿ, ತಾವೇ ಹಿಮೋಫಿಲಿಯಾ ಇದ್ದವರು, ಆ ಮಕ್ಕಳಿಗಾಗಿ ಸಂಸ್ಥೆಯನ್ನೇ ನಡೆಸಿದರು. ಐಟಿಪಿ ಆ ಪಟ್ಟಿಯಲ್ಲಿಲ್ಲ. ಹೆಚ್ಚಿನ ಮಕ್ಕಳಿಗೆ ವಾಸಿಯಾಗುವ ಕಾಯಿಲೆಯಾದ್ದರಿಂದ ಎಲ್ಲರನ್ನೂ ಸೇರಿಸಿ ಅಂತ ನಾನು ಕೇಳುವುದೂ ಇಲ್ಲ. ಆದರೆ ಐದರಲ್ಲಿ ಒಂದು ಮಗು ಉಳಿಯುತ್ತದಲ್ಲ, ವರ್ಷ ಕಳೆದರೂ ವಾಸಿಯಾಗದ್ದು, ಅದಕ್ಕೆ ಏನು? ಹಾಜರಿಯಲ್ಲಿ ರಿಯಾಯಿತಿ, ಆಸ್ಪತ್ರೆಗೆ ಹೋಗಿಬರುವ ಬಸ್ ಪಾಸು, ಇಷ್ಟನ್ನಾದರೂ ಡಾಕ್ಟರ ಚೀಟಿಯ ಮೇಲೆ ಕೊಡಬಹುದು. ರಕ್ತದ ಸಾಮಾನ್ಯ ಪರೀಕ್ಷೆಯನ್ನು ಕನಕಪುರದಂಥ ತಾಲ್ಲೂಕು ಆಸ್ಪತ್ರೆಯಲ್ಲೇ ಮಾಡಿ, ಫಲಿತಾಂಶವನ್ನು ಬೆಂಗಳೂರಿನ ತಜ್ಞರಿಗೆ ಕಳಿಸಿ, ಬರಬೇಕೋ ಬೇಡವೋ ಅಂತ ಫೋನಿನಲ್ಲೇ ಹೇಳುವ ವ್ಯವಸ್ಥೆ ಆಗಬೇಕು. ಇ-ಸಂಜೀವಿನಿ ಅಂತ ಸರ್ಕಾರದ್ದೇ ಉಚಿತ ದೂರ ಸಮಾಲೋಚನೆ ಇದೆ. ಡೆಂಗಿ ಕಾಲದಲ್ಲಿ ಪ್ಲೇಟ್‌ಲೆಟ್ ಎಣಿಸಲು ಓಡಾಡಿದ ಇಲಾಖೆಗೆ ಇದು ಹೊಸ ವಿದ್ಯೆಯೇನಲ್ಲ.

ಅಲ್ಲಿವರೆಗೆ ಒಂದು ಕೆಲಸ ನಾವೇ ಮಾಡಬಹುದು. ಲ್ಯಾಬಿನ ರಿಪೋರ್ಟಿನ ಹಿಂಬದಿ ಖಾಲಿ ಇರುತ್ತದೆ. ಬೆಂಗಳೂರಿಗೆ ಹೊರಡುವ ಹಿಂದಿನ ರಾತ್ರಿ ಅದರ ಮೇಲೆ ಬರೆಯಿರಿ: ಹೋದ ಸಲದಿಂದ ಎಷ್ಟು ದಿನ ಶಾಲೆ ತಪ್ಪಿತು, ಮಗು ಯಾವ ಆಟ ಬಿಟ್ಟಿದೆ, ರಾತ್ರಿ ನಿದ್ದೆ ಮಾಡುತ್ತದಾ, ಔಷಧಿ ಶುರುವಾದ ಮೇಲೆ ಏನು ಬದಲಾಗಿದೆ, ನಿಮಗೆ ಯಾವುದರ ಭಯ. ಡಾಕ್ಟರು ಮುಂಬದಿ ನೋಡಿ "ಹದಿನೆಂಟು ಸಾವಿರ" ಅಂದಾಗ ಕಾಗದ ತಿರುಗಿಸಿ ಮುಂದಿಡಿ. ಬರೆಯಲು ಬರದಿದ್ದರೆ ಮಗುವಿನ ಕೈಲೇ ಬರೆಸಿ.